ಹಳೆ ಡೀಸೆಲ್ ಕಾರಿನ ಕೂಲೆಂಟ್: ಮೂರನ್ನೂ ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಇಂಜಿನ್ ತಂಪಾಗಿಡುವ ಕೂಲೆಂಟ್ ಕಡಿಮೆಯಾದಾಗ, ಕಾನ್ಸಂಟ್ರೇಟ್ (ನೀರು ಬೆರೆಸದ ಗಟ್ಟಿ ಕೂಲೆಂಟ್) ತಂದು, ಮನೆಯಲ್ಲೇ ಡಿಸ್ಟಿಲ್ಡ್ ವಾಟರ್ ಬೆರೆಸಿ ಹಾಕುವುದೇ ನನಗೆ ಇಷ್ಟ. ಬರೀ ಡಿಸ್ಟಿಲ್ಡ್ ವಾಟರ್, ಅಂಗಡಿಯ ರೆಡಿಮಿಕ್ಸ್ (ನೀರು ಬೆರೆಸಿಯೇ ಮಾರುವ ಕೂಲೆಂಟ್) ಎರಡನ್ನೂ ಹಾಕಿ ನೋಡಿ, ದುಡ್ಡು ಕಳೆದುಕೊಂಡ ಮೇಲೆ ಇಲ್ಲಿಗೆ ಬಂದಿದ್ದೇನೆ.

ನಮ್ಮದು 2010ರ ಡೀಸೆಲ್ ಕಾರು, ಸೆಕೆಂಡ್ ಹ್ಯಾಂಡ್ ಕೊಂಡದ್ದು. ಒಟ್ಟು ಸುಮಾರು ಆರು ಲೀಟರ್ ಕೂಲೆಂಟ್ ಹಿಡಿಯುತ್ತದೆ. ತಿಂಗಳಿಗೆ ಒಂದು ಟೀ ಲೋಟದಷ್ಟು ಕಡಿಮೆಯಾಗುತ್ತಿತ್ತು. ಸರಿಯಿರುವ ಗಾಡಿಯಲ್ಲಿ ಇಷ್ಟು ಇಳಿಯಬಾರದು. ಹೋಸು, ಕ್ಲಿಪ್ಪು, ರೇಡಿಯೇಟರ್ ಮುಚ್ಚಳ, ವಾಟರ್ ಪಂಪ್ ಎಲ್ಲ ಒಮ್ಮೆ ತೋರಿಸಿ. ಸೈಲೆನ್ಸರ್‌ನಿಂದ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ, ಇಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯ ಹಾಗೆ ಕಂಡರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಮೇಲೆ ಅನುಮಾನ ಪಡಬೇಕು. ಆಗ ಮೊದಲು ಗ್ಯಾರೇಜು, ಆಮೇಲೆ ಕೂಲೆಂಟು.

ಬೋರ್‌ವೆಲ್ ನೀರು ಬೇಡವೇ ಬೇಡ. ನಮ್ಮದು ಚಿಕ್ಕಬಳ್ಳಾಪುರದ ಕಡೆ. ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರ ನೋಡಿದವರಿಗೆ ರೇಡಿಯೇಟರ್ ಒಳಗೆ ಏನಾಗುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ. ಆರ್‌ಓ ನೀರು ಪರವಾಗಿಲ್ಲ, ಆದರೆ ಅದರಲ್ಲೂ ಸ್ವಲ್ಪ ಉಪ್ಪಿನಂಶ ಉಳಿದಿರುತ್ತದೆ.

ಮೊದಲ ಒಂದೂವರೆ ವರ್ಷ ನಾನು ಹಾಕಿದ್ದು ಬ್ಯಾಟರಿಗೆ ಅಂತ ಮಾರುವ ಡಿಸ್ಟಿಲ್ಡ್ ವಾಟರ್. ಐದು ಲೀಟರ್ ಕ್ಯಾನಿಗೆ 120 ರೂಪಾಯಿ ಕೊಟ್ಟಿದ್ದೆ. ಪಾಚಿ ಇಲ್ಲ, ಸುಣ್ಣ ಕಟ್ಟುವುದಿಲ್ಲ. ತೊಂದರೆ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಸೋರಿ ಹೋಗುವುದು ಕೂಲೆಂಟ್, ನಾವು ತುಂಬುವುದು ನೀರು. ಆರು ಲೀಟರ್‌ನಲ್ಲಿ ಹೀಗೆ ಸ್ವಲ್ಪ ಸ್ವಲ್ಪವಾಗಿ ಎರಡು ಲೀಟರ್ ಬದಲಾದರೆ, 50% ಇದ್ದ ಗ್ಲೈಕಾಲ್ (ಕುದಿಯುವುದನ್ನೂ ಹೆಪ್ಪುಗಟ್ಟುವುದನ್ನೂ ತಡೆಯುವ ದ್ರವ) ಸುಮಾರು 36%ಕ್ಕೆ ಇಳಿಯುತ್ತದೆ. ಜೊತೆಗೆ ತುಕ್ಕು ತಡೆಯುವ ಕೆಮಿಕಲ್ ಕೂಡ ತೆಳುವಾಗುತ್ತದೆ. ಹೆಪ್ಪುಗಟ್ಟುವ ಚಳಿ ನಮ್ಮಲ್ಲಿಲ್ಲ, ಆದ್ದರಿಂದ ನೀರೇ ಸಾಕು ಅನ್ನುವವರಿದ್ದಾರೆ. ಆದರೆ ನಮಗೆ ಕೂಲೆಂಟ್ ಬೇಕಾಗಿರುವುದೇ ತುಕ್ಕು ತಡೆಯಲಿಕ್ಕೆ, ಘಾಟಿಯಲ್ಲಿ ಬೇಗ ಕುದಿಯದಿರಲಿಕ್ಕೆ.

ಇನ್ನು ರೆಡಿಮಿಕ್ಸ್. ನನ್ನ ದುಡ್ಡು ಹೋದದ್ದು ಇಲ್ಲೇ. ಧರ್ಮಸ್ಥಳಕ್ಕೆ ಹೊರಟಿದ್ದೆವು. ಚಾರ್ಮಾಡಿ ಇಳಿಯುವ ಮೊದಲು ಮೂಡಿಗೆರೆಯಲ್ಲಿ ಬಾನೆಟ್ ತೆರೆದು ನೋಡಿದರೆ ಕೂಲೆಂಟ್ ಟ್ಯಾಂಕಿನ ಮಟ್ಟ ಕೆಳಗಿನ ಗೆರೆಗಿಂತ ಕೆಳಗಿತ್ತು. ಡಿಸ್ಟಿಲ್ಡ್ ವಾಟರ್ ಕ್ಯಾನ್ ಮನೆಯಲ್ಲೇ ಉಳಿದಿತ್ತು. ಟ್ಯಾಂಕಿನಲ್ಲಿ ಇದ್ದದ್ದು ಕೆಂಪು ಕೂಲೆಂಟ್. ಅಂಗಡಿಯಲ್ಲಿ ಹಸಿರೂ ಇತ್ತು, ಕೆಂಪೂ ಇತ್ತು. ನಾನು ಜಾಗ್ರತೆಯಿಂದ ಕೆಂಪನ್ನೇ ತೆಗೆದುಕೊಂಡೆ. ಲೀಟರ್‌ಗೆ 260 ರೂಪಾಯಿ. ಸರಿಯಾಗಿಯೇ ಮಾಡಿದ್ದೇನೆ ಅಂತ ನೆಮ್ಮದಿಯಿಂದ ಘಾಟಿ ಇಳಿದೆ, ಹತ್ತಿದೆ. ಊರಿಗೆ ಬಂದ ಮೇಲೂ ಅದೇ ಬಾಟಲಿಯಿಂದ ಹಾಕುತ್ತಾ ಹೋದೆ.

ನಾಲ್ಕು ತಿಂಗಳಾದ ಮೇಲೆ ಮುಚ್ಚಳ ತೆಗೆದರೆ ಅದರ ಒಳಬದಿಗೆ ಕಂದು ಬಣ್ಣದ ಲೋಳೆ ಮೆತ್ತಿಕೊಂಡಿತ್ತು. ಬೆರಳಿಗೆ ಜಾರುವ ಅಂಟು. ಟ್ರಾಫಿಕ್‌ನಲ್ಲಿ ಟೆಂಪರೇಚರ್ ಮುಳ್ಳು ಮೊದಲಿಗಿಂತ ಮೇಲೆ ನಿಲ್ಲಲು ಶುರುವಾಗಿತ್ತು. ಮೆಕ್ಯಾನಿಕ್ ನೋಡಿದವರೇ, "ಸಾರ್, ಬಣ್ಣ ನೋಡಿ ಹಾಕ್ಬೇಡಿ. ಬಾಟ್ಲಿ ಹಿಂದೆ ಬರೆದಿರೋದನ್ನ ಓದಿ" ಅಂದರು.

ಅವರು ಹೇಳಿದ್ದು ನಿಜ. ಕೂಲೆಂಟ್ ಬಣ್ಣಕ್ಕೆ ಎಲ್ಲರೂ ಒಪ್ಪಿದ ಒಂದು ನಿಯಮ ಇಲ್ಲ. ಅದು ಬರೀ ಡೈ. ತುಕ್ಕು ತಡೆಯಲು ಸಿಲಿಕೇಟ್ ಬಳಸುವ ಹಳೆ ಬಗೆಯೂ ಕೆಂಪಿರಬಹುದು, ಓಎಟಿ ಅನ್ನುವ ಆರ್ಗಾನಿಕ್ ಆಸಿಡ್ ಬಗೆಯೂ ಕೆಂಪಿರಬಹುದು. ಹೊಂದದ ಎರಡು ಬಗೆ ಬೆರೆತರೆ ಒಳಗಿನ ಕೆಮಿಕಲ್ ಬೇಗ ಸೋಲುತ್ತದೆ, ಕೆಲವೊಮ್ಮೆ ಹೀಗೆ ಲೋಳೆಯೂ ಕಟ್ಟುತ್ತದೆ. ಎಲ್ಲ ಬಸಿದು, ನೀರು ತುಂಬಿ ಇಂಜಿನ್ ಓಡಿಸಿ, ಮತ್ತೆ ಬಸಿದು, ಹೀಗೆ ಮೂರು ಸಲ ಆದ ಮೇಲೆ ನೀರು ತಿಳಿಯಾಯಿತು. 2,400 ರೂಪಾಯಿ ಖರ್ಚು, ಒಂದು ಭಾನುವಾರ ಪೂರ್ತಿ. ಕೆಂಪಿಗೆ ಕೆಂಪು ಹಾಕಿಯೂ ಹೀಗಾಯಿತಲ್ಲ ಅನ್ನುವ ಬೇಜಾರು ಇನ್ನೂ ಹೋಗಿಲ್ಲ.

ಆವತ್ತು ಹೊಸದಾಗಿ ತುಂಬಿದ್ದು ಮ್ಯಾನ್ಯುಯಲ್‌ನಲ್ಲಿ ಹೇಳಿದ ಬಗೆಯ ಕಾನ್ಸಂಟ್ರೇಟ್, ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಜೊತೆ. ಕಾನ್ಸಂಟ್ರೇಟ್ ಲೀಟರ್‌ಗೆ ಆಗ 380 ಇತ್ತು. ಬೆರೆಸಿದರೆ ಎರಡು ಲೀಟರ್ ಆಗುತ್ತದೆ, ಅಂದರೆ ಲೀಟರ್‌ಗೆ ಸುಮಾರು 200 ರೂಪಾಯಿ. ಉಳಿತಾಯ ಜಾಸ್ತಿ ಏನಲ್ಲ. ನನಗೆ ಹಿಡಿಸಿದ್ದು ಬೇರೆ. ದಾರಿಯಲ್ಲಿ ಯಾವಾಗಲಾದರೂ ಬರೀ ನೀರು ಹಾಕಬೇಕಾಗಿ ಬಂದರೆ, ಮನೆಗೆ ಬಂದು ಸ್ವಲ್ಪ ಕಾನ್ಸಂಟ್ರೇಟ್ ಸೇರಿಸಿ ಅಳತೆಯನ್ನು ಮತ್ತೆ 50%ಕ್ಕೆ ತರಬಹುದು. ಅರ್ಧ ನೀರೇ ಇರುವ ರೆಡಿಮಿಕ್ಸ್ ಸೇರಿಸಿದರೆ ಪೂರ್ತಿ ಅಲ್ಲಿಗೆ ಮುಟ್ಟುವುದಿಲ್ಲ. ಸೋರುವ ಹಳೆ ಗಾಡಿಗೆ ಇದು ದೊಡ್ಡ ಅನುಕೂಲ, ಅಲ್ವಾ? ಹಾಗಂತ ಕಾನ್ಸಂಟ್ರೇಟ್ ಒಂದನ್ನೇ ಸುರಿಯುತ್ತಾ ಹೋಗಬೇಡಿ. ಶಾಖ ಹೊರುವುದರಲ್ಲಿ ನೀರೇ ಮುಂದು.

ಬಾನೆಟ್ ತೆರೆಯುವ ಅಭ್ಯಾಸ ಇಲ್ಲದವರಿಗೆ, ಬೆರೆಸಲು ಪುರುಸೊತ್ತು ಇಲ್ಲದವರಿಗೆ ರೆಡಿಮಿಕ್ಸೇ ಸರಿ. ಒಂದೇ ಬಗೆಯದನ್ನು ಎರಡು ಬಾಟಲಿ ತಂದಿಟ್ಟುಕೊಳ್ಳಿ. ನಾನು ಹೇಗೂ ಪ್ರತಿ ಭಾನುವಾರ ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ ನೋಡುತ್ತೇನೆ. ಬಿಸಿಯಿದ್ದಾಗ ಮುಚ್ಚಳ ಮುಟ್ಟುವುದಿಲ್ಲ. ಟ್ಯಾಂಕ್ ಹಳದಿಯಾಗಿ ಗೆರೆಗಳೇ ಕಾಣದಿದ್ದರೆ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿಯಿರಿ, ಮಟ್ಟ ಚೆನ್ನಾಗಿ ಕಾಣುತ್ತದೆ.

ಬೆರೆಸಿದ ಒಂದು ಲೀಟರ್ ಈಗ ಯಾವಾಗಲೂ ಡಿಕ್ಕಿಯಲ್ಲಿರುತ್ತದೆ. ಕ್ಯಾನ್ ಮೇಲೆ ಬಗೆ, ತಾರೀಖು, ಜೊತೆಗೆ "ವಿಷ" ಅಂತ ದಪ್ಪಗೆ ಬರೆದಿದ್ದೇನೆ. ಗ್ಲೈಕಾಲ್ ರುಚಿ ಸಿಹಿ, ಮನೆಯಲ್ಲಿ ಮಕ್ಕಳಿದ್ದಾರೆ, ನಾಯಿಯೂ ಇದೆ.