ಓಪನ್‌ವಿಪಿಎನ್ 2.6: ಹಳೆಯ ಕ್ಲೈಂಟ್‌ಗಳಿಗೆ ಬೇರೆ ಬಾಗಿಲು ಇಡಿ (ದೀರ್ಘ ಬಳಕೆಯ ವಿಮರ್ಶೆ)

ಹಾಸನದಲ್ಲಿ ಆಫೀಸು, ಸಕಲೇಶಪುರದಲ್ಲಿ ತೋಟ, ಮೂಡಿಗೆರೆಯಲ್ಲಿ ಗೋದಾಮು. ಈ ಬಗೆಯ ಕಾಫಿ ವ್ಯವಹಾರದ ಜಾಗಗಳನ್ನು ಇಂಟರ್ನೆಟ್ ಮೇಲೆ ಗೂಢಲಿಪಿಯ ಖಾಸಗಿ ಜಾಲದಿಂದ (ವಿಪಿಎನ್) ಜೋಡಿಸಲು ಓಪನ್‌ವಿಪಿಎನ್ 2.6 ಇವತ್ತಿಗೂ ನೆಚ್ಚಬಹುದಾದ ತಂತ್ರಾಂಶ. ವೇಗವೊಂದೇ ಮುಖ್ಯವಾದರೆ ಇನ್ನೊಂದು ವಿಪಿಎನ್ ಆದ ವೈರ್‌ಗಾರ್ಡ್ ಚೆನ್ನ. ಆದರೆ ಅದರಲ್ಲಿ ಸೈಫರ್ (ಡೇಟಾವನ್ನು ಗೂಢಲಿಪಿಗೆ ತಿರುಗಿಸುವ ವಿಧಾನ) ಹೊಂದಾಣಿಕೆಯ ಮಾತೇ ಇಲ್ಲ, ಪ್ಯಾಕೆಟ್ ಕಳಿಸಲು ಯುಡಿಪಿ ಬಿಟ್ಟರೆ ಬೇರೆ ದಾರಿಯೂ ಇಲ್ಲ. ರೌಟರ್‌ಓಎಸ್ 6 ತಂತ್ರಾಂಶದಲ್ಲೇ ನಿಂತಿರುವ ಮೈಕ್ರೋಟಿಕ್ ರೌಟರ್‌ಗೆ ವೈರ್‌ಗಾರ್ಡ್ ಸಿಗುವುದೇ ಇಲ್ಲ. ವೇಬ್ರಿಡ್ಜ್‌ಗೆ ಜೋಡಿಸಿದ ಹಳೆ ಪಿಸಿಯನ್ನು ಕೊಯ್ಲಿನ ನಡುವೆ ಬದಲಿಸಲು ಯಾವ ಮ್ಯಾನೇಜರೂ ಒಪ್ಪುವುದಿಲ್ಲ. ಅಂಥ ಕಡೆ ಓಪನ್‌ವಿಪಿಎನ್‌ನ ಹಿಂದಿನ ಆವೃತ್ತಿಗಳೊಂದಿಗಿನ ಹೊಂದಾಣಿಕೆ ನಿಜವಾಗಿ ಕೆಲಸಕ್ಕೆ ಬರುತ್ತದೆ, ಸರಿಯಾದ ಜಾಗದಲ್ಲಿಟ್ಟರೆ.

ಸರ್ವರನ್ನು ಡೆಬಿಯನ್ 12 ಲಿನಕ್ಸ್‌ಗೆ ಏರಿಸಿದಾಗ ಅದರೊಂದಿಗೆ ಓಪನ್‌ವಿಪಿಎನ್ 2.6.3 ಬರುತ್ತದೆ. ತೊಂದರೆ ಶುರುವಾಗುವುದು ಅಲ್ಲಿಂದ. ಸೈಫರನ್ನು ಎರಡೂ ಕಡೆ ಮಾತಾಡಿಕೊಂಡು ಆರಿಸುವ ಪದ್ಧತಿ ಬಂದದ್ದು 2016ರ ಕೊನೆಯ 2.4ರಲ್ಲಿ. 2020ರ 2.5ರಲ್ಲಿ ‘ಡೇಟಾ-ಸೈಫರ್ಸ್’ ಆಯ್ಕೆ ಬಂತು. 2023ರ 2.6, ಹಳೆಯ ‘ಸೈಫರ್’ ಸಾಲನ್ನು ಈ ಆಯ್ಕೆಗೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ‘ಸೈಫರ್ ಎಇಎಸ್-256-ಸಿಬಿಸಿ’ ಎಂದಷ್ಟೇ ಬರೆದ ಸರ್ವರ್‌ಗೆ 2.3 ಆವೃತ್ತಿಯ ಕ್ಲೈಂಟ್ (ಸರ್ವರ್‌ಗೆ ಸೇರುವ ಪಿಸಿ) ಸೇರಲಾರದು.

ಇಲ್ಲಿ ಎಲ್ಲರ ಕೈಯೂ ‘ಕಾಂಪ್ಯಾಟ್-ಮೋಡ್ 2.3.0’ ಕಡೆಗೆ ಹೋಗುತ್ತದೆ. ಒಂದು ಸಾಲು ಹಾಕಿದರೆ ಸಾಕು, ಹಳೆಯ ಸೈಫರ್ ಪಟ್ಟಿಗೆ ಸೇರುತ್ತದೆ, ಮಾತುಕತೆ ಸಾಧ್ಯವಾಗದಾಗ ಬಳಸುವ ಫಾಲ್‌ಬ್ಯಾಕ್ ಕೂಡ ಅದೇ ಆಗುತ್ತದೆ, ಕಂಪ್ರೆಷನ್ (ಡೇಟಾ ಕುಗ್ಗಿಸುವಿಕೆ) ಅರ್ಧ, ಅಂದರೆ ಬರುವ ಕಡೆಗೆ ಮಾತ್ರ, ತೆರೆದುಕೊಳ್ಳುತ್ತದೆ, ಹಳೆಯ ಸುರಕ್ಷತಾ ಪ್ರೋಟೋಕಾಲ್ ಟಿಎಲ್‌ಎಸ್ 1.0ಕ್ಕೂ ಅನುಮತಿ ಸಿಗುತ್ತದೆ. ಮುಖ್ಯ ಸರ್ವರ್‌ನಲ್ಲಿ ಇದನ್ನು ಖಂಡಿತ ಹಾಕಬೇಡಿ. ಈ ಸಡಿಲಿಕೆ ಒಬ್ಬ ಕ್ಲೈಂಟ್‌ಗಲ್ಲ, ಇಡೀ ಸರ್ವರ್‌ಗೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ: 2.6ರ ಅತ್ಯುತ್ತಮ ಸೌಲಭ್ಯವಾದ ಡಿಸಿಓ, ಅಂದರೆ ಡೇಟಾ ಪ್ಯಾಕೆಟ್‌ಗಳ ಕೆಲಸವನ್ನು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೇ ಒಪ್ಪಿಸುವ ವ್ಯವಸ್ಥೆ, ಹಳೆಯ ಬಗೆಯ ಸಿಬಿಸಿ ಸೈಫರ್ ಪಟ್ಟಿಯಲ್ಲಿ ಕಂಡರೆ ಅಥವಾ ಕಂಪ್ರೆಷನ್ ತೆರೆದಿದ್ದರೆ ತಾನಾಗಿಯೇ ಆಫ್ ಆಗುತ್ತದೆ. ಗೋದಾಮಿನ ಒಂದು ಪಿಸಿಗಾಗಿ ಉಳಿದವರೆಲ್ಲರ ವೇಗ ಹೋಗುತ್ತದೆ. ಕನೆಕ್ಷನ್ ನಿಲ್ಲುವುದಿಲ್ಲವಾದ್ದರಿಂದ ಕಾರಣ ಯಾರಿಗೂ ಹೊಳೆಯುವುದಿಲ್ಲ. ಲಾಗ್‌ನಲ್ಲಿ ಒಂದು ಸಾಲು ಬಂದಿರುತ್ತದೆ, ಅಷ್ಟೇ.

ಹಾಗಾಗಿ ಎರಡು ಕಾನ್ಫಿಗ್ ಫೈಲ್, ಎರಡು ಪ್ರೊಸೆಸ್. ಹೊಸದು ಯುಡಿಪಿ 1194ರಲ್ಲಿ, 10.8.0.0/24: ‘ಡೇಟಾ-ಸೈಫರ್ಸ್’ನಲ್ಲಿ ಎಇಎಸ್-256-ಜಿಸಿಎಂ ಮತ್ತು ಎಇಎಸ್-128-ಜಿಸಿಎಂ ಮಾತ್ರ, ಸಂಪರ್ಕದ ಮೊದಲ ಮಾತುಕತೆಯನ್ನೂ ಮುಚ್ಚುವ ‘ಟಿಎಲ್‌ಎಸ್-ಕ್ರಿಪ್ಟ್’, ‘ಟೋಪಾಲಜಿ ಸಬ್‌ನೆಟ್’. ಕೊನೆಯ ಸಾಲು ಮರೆತರೂ ಡಿಸಿಓ ಆಫ್ ಆಗುತ್ತದೆ. ಹಳೆಯದು ಯುಡಿಪಿ 1195ರಲ್ಲಿ, 10.8.1.0/24: ಪಟ್ಟಿಯ ಕೊನೆಯಲ್ಲಿ ಎಇಎಸ್-256-ಸಿಬಿಸಿ, ‘ಡೇಟಾ-ಸೈಫರ್ಸ್-ಫಾಲ್‌ಬ್ಯಾಕ್’ಗೂ ಅದೇ. 2.3ಕ್ಕೆ ಟಿಎಲ್‌ಎಸ್-ಕ್ರಿಪ್ಟ್ ತಿಳಿಯದು, ಆದ್ದರಿಂದ ಇಲ್ಲಿ ‘ಟಿಎಲ್‌ಎಸ್-ಆಥ್’. ಹಳೆ ಕ್ಲೈಂಟ್ ಫೈಲಿನಲ್ಲಿ ‘ಕಾಂಪ್-ಎಲ್‌ಜೆಡ್‌ಓ’ ಎಂಬ ಕಂಪ್ರೆಷನ್ ಸಾಲು ಉಳಿದಿದ್ದರೆ ಕನೆಕ್ಟ್ ಆಗುತ್ತದೆ, ಪಿಂಗ್ ಮಾತ್ರ ಹೋಗುವುದಿಲ್ಲ. ಆ ಸಾಲನ್ನು ತೋಟಕ್ಕೇ ಹೋಗಿ ಅಳಿಸಲಾಗದಿದ್ದರೆ 1195ರಲ್ಲಿ ‘ಕಂಪ್ರೆಸ್ ಮೈಗ್ರೇಟ್’ ಹಾಕಿ. ಎರಡಕ್ಕೂ ಬೇರೆ ಬೇರೆ ಸಿಎ (ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕುವ ಮೂಲ) ಇರಲಿ. ಫೈರ್‌ವಾಲ್‌ನಲ್ಲಿ 10.8.1.0/24ಕ್ಕೆ ಟ್ಯಾಲಿ ಸರ್ವರ್ ಬಿಟ್ಟು ಬೇರೆಲ್ಲಿಗೂ ದಾರಿ ಬೇಡ.

ಬ್ಲೋಫಿಶ್ ಎಂಬ ಹಳೆ ಸೈಫರ್‌ಗೆ ಮಾತ್ರ ಎಲ್ಲಿಯೂ ಜಾಗ ಕೊಡಬೇಡಿ. 64 ಬಿಟ್ ಬ್ಲಾಕಿನ ಸೈಫರ್‌ಗಳ ದೌರ್ಬಲ್ಯವನ್ನು 2016ರಲ್ಲೇ ಸ್ವೀಟ್32 ದಾಳಿ ತೋರಿಸಿಕೊಟ್ಟಿದೆ. ಗೂಢಲಿಪಿಯ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್ 3 ಕೂಡ ಬ್ಲೋಫಿಶನ್ನು ಲೆಗಸಿ ಮೂಲೆಗೆ ತಳ್ಳಿದೆ. ಹಳೆಯ ಎಸ್‌ಎಚ್‌ಎ-1 ವಿಧಾನದ ಸಹಿಯ ಸರ್ಟಿಫಿಕೇಟ್‌ಗಳಿಗೂ ಸರ್ವರನ್ನು ಸಡಿಲಿಸುವ ಅಗತ್ಯವಿಲ್ಲ. ಎಸ್‌ಎಚ್‌ಎ-256ರಲ್ಲಿ ಹೊಸದು ಮಾಡಿಕೊಟ್ಟರೆ 2.3 ಕ್ಲೈಂಟ್ ತಕರಾರಿಲ್ಲದೆ ಓದುತ್ತದೆ. ಮಾಮೂಲಾಗಿ ಟಿಎಲ್‌ಎಸ್ 1.0 ಮಾತ್ರ ಬಳಸುವ 2.3.6 ಮತ್ತು ಅದಕ್ಕೂ ಹಿಂದಿನದನ್ನು ಮಾತ್ರ ಬದಲಿಸಲೇಬೇಕು.

ರೌಟರ್‌ಓಎಸ್ 6ರ ಕಥೆ ಬೇರೆ. ಅದರ ಓಪನ್‌ವಿಪಿಎನ್‌ಗೆ ಯುಡಿಪಿ ಇಲ್ಲ, ಟಿಎಲ್‌ಎಸ್-ಆಥ್ ಇಲ್ಲ, ಎಲ್‌ಜೆಡ್‌ಓ ಇಲ್ಲ. ಹಾಗಾಗಿ ಟಿಸಿಪಿಯಲ್ಲಿ ಮೂರನೆಯ ಪ್ರೊಸೆಸ್, ‘ಆಥ್ ಎಸ್‌ಎಚ್‌ಎ1’, ಯೂಸರ್‌ನೇಮ್ ಪಾಸ್‌ವರ್ಡ್ ಸಮೇತ. ಹಾರ್ಡ್‌ವೇರ್ ತಡೆದುಕೊಂಡರೆ ರೌಟರ್‌ಓಎಸ್ 7ಕ್ಕೆ ಏರಿಸುವುದೇ ಲೇಸು.

ಒಂದೇ ಕ್ಲೈಂಟ್ ಫೈಲನ್ನು ಹೊಸ ಹಳೆ ಎರಡೂ ಆವೃತ್ತಿಗೆ ಹಂಚಬೇಕಿದ್ದರೆ ಮೊದಲ ಸಾಲುಗಳಲ್ಲೇ ‘ಇಗ್ನೋರ್-ಅನ್‌ನೋನ್-ಆಪ್ಷನ್ ಡೇಟಾ-ಸೈಫರ್ಸ್’ ಬರೆಯಿರಿ. ಇಲ್ಲದಿದ್ದರೆ ಪರಿಚಯವಿಲ್ಲದ ಸಾಲು ಕಂಡ ಕೂಡಲೇ ಹಳೆ ಕ್ಲೈಂಟ್ ನಿಂತುಬಿಡುತ್ತದೆ.

ಮಲೆನಾಡಿನ ಲೈನುಗಳಿಗೆ ಎರಡು ಮಾತು. ಪಿಪಿಪಿಒಇ (ಯೂಸರ್‌ನೇಮ್ ಕೊಟ್ಟು ಲಾಗಿನ್ ಆಗುವ) ಫೈಬರ್‌ನ ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, 1492. ಮೊಬೈಲ್ ಡಾಂಗಲ್‌ನಲ್ಲಿ ಇನ್ನೂ ಕಡಿಮೆ ಇರಬಹುದು. ಪಿಂಗ್ ಹೋಗುತ್ತಿದ್ದು ರಿಮೋಟ್ ಡೆಸ್ಕ್‌ಟಾಪ್ ಪರದೆ ಹೆಪ್ಪುಗಟ್ಟಿದರೆ ಯುಡಿಪಿ ಕಡೆ ಪ್ಯಾಕೆಟ್ ಗಾತ್ರ ಇಳಿಸುವ ‘ಎಂಎಸ್‌ಎಸ್‌ಫಿಕ್ಸ್ 1360’ ಹಾಕಿ ನೋಡಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಹಳೆ ಪಿಸಿ ಮಾತ್ರ ಸೇರದಿದ್ದರೆ ಮೊದಲು ಅದರ ತಾರೀಖು ನೋಡಿ. ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತು ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗಿದ್ದರೆ ಸರ್ಟಿಫಿಕೇಟ್ ಇನ್ನೂ ಜಾರಿಗೇ ಬಂದಿಲ್ಲ ಎಂದು ಅದು ತಿಳಿಯುತ್ತದೆ. ಎಲ್ಲರೂ ಒಟ್ಟಿಗೆ ಹೊರಗುಳಿದರೆ ಸಿಆರ್‌ಎಲ್ (ರದ್ದಾದ ಸರ್ಟಿಫಿಕೇಟ್‌ಗಳ ಪಟ್ಟಿ) ಅವಧಿ ನೋಡಿ: ಸರ್ಟಿಫಿಕೇಟ್ ಮಾಡುವ ಈಸಿ-ಆರ್‌ಎಸ್‌ಎ 3ರಲ್ಲಿ ಅದು ಮಾಮೂಲಾಗಿ 180 ದಿನ.

ನನ್ನ ದೊಡ್ಡ ದೂರು ಡಿಸಿಓ ಬಗ್ಗೆಯೇ. ಇಷ್ಟು ಮುಖ್ಯ ಸೌಲಭ್ಯ ಆಫ್ ಆದಾಗ ಸರ್ವರ್ ಇನ್ನಷ್ಟು ಗಟ್ಟಿಯಾಗಿ ಹೇಳಬೇಕಿತ್ತು. ‘ವರ್ಬ್ 3’ರ ಲಾಗ್‌ನಲ್ಲಿ ಪ್ರತಿ ಕ್ಲೈಂಟ್‌ನ ‘ಐವಿ_ವರ್’ (IV_VER) ಹುಡುಕಿದರೆ ಯಾರು ಯಾವ ಆವೃತ್ತಿಯಲ್ಲಿದ್ದಾರೆಂದು ತಿಳಿಯುತ್ತದೆ. 1195ರಲ್ಲಿ 2.4ಕ್ಕಿಂತ ಹಳೆಯದು ಯಾವುದೂ ಕಾಣದ ದಿನ ಆ ಪ್ರೊಸೆಸ್ ನಿಲ್ಲಿಸಿ, ಪೋರ್ಟ್ ಮುಚ್ಚಿ, ಅದರ ಸಿಎಯನ್ನೂ ಅಳಿಸಿ.