ಅಮ್ಮತ್ತಿಯ ತೋಟದಲ್ಲಿ ಒಂದು ವರ್ಷ ದುಡಿದ ಸೌರ ಪಂಪ್

ತೈಲ ಹುಡುಕುವ ಭೂವಿಜ್ಞಾನಿಯಾಗಿ ಮೂವತ್ತು ವರ್ಷ ದುಡಿದವನು ನಾನು. ಸಮ್ಮೇಳನಗಳಲ್ಲಿ ಹೊಸ ನಿಕ್ಷೇಪಗಳ ಮಾತೇ ಮಾತು. ನಿವೃತ್ತನಾಗಿ ಕೊಡಗಿನ ಅಮ್ಮತ್ತಿಯ ಕಾಫಿ ತೋಟಕ್ಕೆ ಮರಳಿ, ಐದು ಅಶ್ವಶಕ್ತಿಯ ಸೌರ ಪಂಪ್ ಹಾಕಿಸಿದೆ.

ಬಿಸಿಲೇರುತ್ತಿದ್ದಂತೆ ಕೆರೆಯ ನೀರು ಗುಡ್ಡದ ತೊಟ್ಟಿಗೆ ತಾನಾಗಿ ಏರುತ್ತದೆ. ಮೊದಲ ದಿನ ಕೊಳವೆಯ ಬಾಯಿಂದ ನೀರು ಧುಮುಕುವ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ನನ್ನ ಹೆಂಡತಿ ಕೈಯೊಡ್ಡಿ ಅಲ್ಲೇ ನಿಂತುಬಿಟ್ಟಳು. ಮೆಣಸಿನ ಬಳ್ಳಿಗೆ, ನರ್ಸರಿಗೆ, ಮನೆಗೆ ಧಾರಾಳವಾಗಿ ಸಾಕು.

ಆದರೆ ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ಕಾಫಿ ಹೂ ಬಿಡಲೆಂದು ಸ್ಪ್ರಿಂಕ್ಲರ್ ತಿರುಗಿಸುವಷ್ಟು ಒತ್ತಡ ಇದಕ್ಕಿಲ್ಲ. ಆಗ ಹಳೆಯ ಡೀಸೆಲ್ ಎಂಜಿನ್ನೇ ಗತಿ. ಸಿಲ್ವರ್ ಓಕಿನ ನೆರಳು ಒಂದು ಫಲಕಕ್ಕೆ ಬಿದ್ದರೂ ಧಾರೆ ಸಣ್ಣಗಾಗುತ್ತದೆ. ಅಳವಡಿಸಿದವರು ಇದನ್ನು ಮೊದಲೇ ಹೇಳಬೇಕಿತ್ತು. ಕೊನೆಗೆ ನಾನೇ ಕೊಂಬೆ ಕಡಿಸಿದೆ.

ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಕೊಡಗಿನದು ಭೂಗರ್ಭದಲ್ಲಿ ಬೆಂದ ಪುರಾತನ ಶಿಲೆ, ಇಲ್ಲಿ ತೈಲ ಹುಟ್ಟುವ ಪದರಗಳಿಲ್ಲ. ಬಿಸಿಲಿದೆ. ಅದಕ್ಕಾಗಿಯೇ ಈ ಪಂಪಿನ ಮೇಲೆ ನನಗೆ ಇಷ್ಟು ಅಕ್ಕರೆ.

ಕೊಳ್ಳುವವರು ಮೊದಲು ದೊಡ್ಡ ತೊಟ್ಟಿ ಕಟ್ಟಿಸಿ. ನನ್ನದು ಮಧ್ಯಾಹ್ನಕ್ಕೇ ತುಂಬಿ ಹರಿಯುತ್ತದೆ.