ಅಕ್ಕನಿಗೆ ಮಾಡಬಹುದು, ತಮ್ಮನಿಗೆ ಬೇಡ: ಶಿವಮೊಗ್ಗದಲ್ಲಿ ನಮ್ಮ ಲೇಸರ್ ಕಣ್ಣಿನ ಅನುಭವ

ಅಡಿಕೆ ಬೇಯಿಸುವ ಹಂಡೆ ಮುಂದೆ ನಿಂತರೆ ಕನ್ನಡಕ ಒಂದೇ ಕ್ಷಣಕ್ಕೆ ಬೆಳ್ಳಗಾಗುತ್ತದೆ. ತೆಗೆದು, ವೇಲಿನ ತುದಿಗೆ ಒರೆಸಿ, ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ಇನ್ನೊಂದು ಸಲ ಹಬೆ. ಆರನೇ ಕ್ಲಾಸಿನಿಂದ ನನ್ನದು ಇದೇ ಪಾಡು. ಮಳೆಗಾಲದಲ್ಲಿ ಸ್ಕೂಟಿ ಓಡಿಸುವಾಗ ಹೆಲ್ಮೆಟ್ಟಿನ ಗಾಜಿಗೂ ನೀರು, ಒಳಗಿನ ಕನ್ನಡಕಕ್ಕೂ ನೀರು. ಬಲಗಣ್ಣಿಗೆ ಮೈನಸ್ 5.25, ಎಡಗಣ್ಣಿಗೆ ಮೈನಸ್ 5.75. ಬೆಳಿಗ್ಗೆ ಎದ್ದರೆ ಮೊದಲು ದಿಂಬಿನ ಪಕ್ಕ ಕೈಯಾಡಿಸಬೇಕು. ಕನ್ನಡಕ ಇಲ್ಲದಿದ್ದರೆ ಅಂಗಳದಲ್ಲಿ ಬರುತ್ತಿರುವವರು ಅಪ್ಪಯ್ಯನೋ ಅಡಿಕೆ ಕೊನೆ ಇಳಿಸುವ ಕೊನೆಗೌಡನೋ ಗೊತ್ತಾಗುತ್ತಿರಲಿಲ್ಲ.

ಈ ಫೆಬ್ರವರಿಯಲ್ಲಿ, ಅಡಿಕೆ ಕೆಲಸ ಎಲ್ಲ ಮುಗಿದ ಮೇಲೆ, ಶಿವಮೊಗ್ಗದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಕನ್ನಡಕ ಬಿಡಿಸುವ ಲೇಸರ್ ಆಪರೇಷನ್ ಮಾಡಿಸಿಕೊಂಡೆ. ಈಗ ಎಂಟು ತಿಂಗಳಾಯಿತು. ನಮ್ಮ ತೀರ್ಥಹಳ್ಳಿ ಕಡೆಯ ಎಷ್ಟೋ ಜನ ನಾನು ಕೆಲಸ ಮಾಡುವ ಸೊಸೈಟಿಗೆ ಬಂದಾಗ ಕೌಂಟರಿನಲ್ಲೇ ಕೇಳುತ್ತಾರೆ. ನೋವಾಯಿತಾ, ಎಷ್ಟಾಯಿತು, ಮಗಳಿಗೆ ಮಾಡಿಸಬಹುದಾ ಅಂತ. ಅವರಿಗೆಲ್ಲ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರು ಬರೆಯುತ್ತಿಲ್ಲ. ಹೊಗಳುವುದೂ ಇದೆ, ದೂರೂ ಇದೆ. ಅಲ್ಲದೆ ಕೇಳಬೇಕಾದ ಪ್ರಶ್ನೆಗಳು ಯಾವ ಆಸ್ಪತ್ರೆಗೆ ಹೋದರೂ ಇವೇ.

ಮೊದಲು ಹೋಗಿದ್ದು ಬೇರೆ ಊರಿನ ಬೇರೆ ಕಡೆಗೆ. ಅಲ್ಲಿ ಕನ್ನಡಕದ ಪವರ್ ನೋಡಿದರು, ಅಷ್ಟೇ. "ಆರಾಮಾಗಿ ಆಗುತ್ತೆ ಮೇಡಂ, ಇವತ್ತು ಐದು ಸಾವಿರ ಅಡ್ವಾನ್ಸ್ ಕಟ್ಟಿದರೆ ಡಿಸ್ಕೌಂಟ್" ಅಂದರು. ಕಣ್ಣಿನ ಸ್ಕ್ಯಾನ್ ಯಾವಾಗ ಅಂತ ಕೇಳಿದೆ. ಆಪರೇಷನ್ ದಿನ ಬೆಳಿಗ್ಗೆ ಅಂದರು. ನನಗೆ ಮನಸ್ಸು ಒಪ್ಪಲಿಲ್ಲ, ಎದ್ದು ಬಂದೆ.

ಶಿವಮೊಗ್ಗದಲ್ಲಿ ಆಗಿದ್ದು ಪೂರ್ತಿ ಉಲ್ಟಾ. ಮೊದಲ ದಿನ ನನ್ನನ್ನು ಹಾಗೇ ವಾಪಸ್ ಕಳಿಸಿದರು. ಎರಡು ದಿನ ಮುಂಚೆ ಒಂದು ಮದುವೆಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡಿದ್ದೆ. ಲೆನ್ಸ್ ಕಾರ್ನಿಯಾದ ಮೇಲೆ, ಅಂದರೆ ಕಣ್ಣಿನ ಮುಂದಿನ ಗಾಜಿನಂಥ ಪದರದ ಮೇಲೆ, ಕೂತು ಅದರ ಆಕಾರವನ್ನು ಸ್ವಲ್ಪ ಬದಲಿಸಿರುತ್ತದೆ, ಈಗ ಅಳತೆ ತೆಗೆದರೆ ತಪ್ಪು ಅಳತೆ ಬರುತ್ತದೆ, ಮೆತ್ತನೆ ಲೆನ್ಸ್ ಬಿಟ್ಟು ಎರಡು ವಾರ ಆಗಲಿ ಅಂದರು. ಗಟ್ಟಿ ಲೆನ್ಸ್ ಹಾಕುವವರು ಇನ್ನೂ ಜಾಸ್ತಿ ದಿನ ಬಿಡಬೇಕಂತೆ. ಮಾತು ಸರಿಯೇ. ಆದರೆ ಇದನ್ನು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗ ಫೋನಿನಲ್ಲೇ ಹೇಳಬಹುದಿತ್ತು ಅಲ್ವಾ? ಹೋಗಲು 60 ಕಿಲೋಮೀಟರ್, ಬರಲು 60, ಒಂದು ದಿನದ ರಜೆ, ಎಲ್ಲ ಸುಮ್ನೆ ಹೋಯಿತು. ಕೌಂಟರಿನಲ್ಲಿ ಜೋರಾಗೇ ಹೇಳಿ ಬಂದೆ.

ಎರಡನೇ ಸಲ ಹೋಗುವಾಗ ತಮ್ಮನೂ ಜೊತೆಗೆ ಬಂದ. ಅವನಿಗೆ 21. ಇಂಜಿನಿಯರಿಂಗ್ ಓದುತ್ತಿದ್ದಾನೆ. ಪವರ್ ನನಗಿಂತ ಕಮ್ಮಿ, ಮೈನಸ್ 3ರ ಹತ್ತಿರ, ಜೊತೆಗೆ ಸಿಲಿಂಡರ್ ಪವರ್ (ಕಾರ್ನಿಯಾ ಎಲ್ಲ ಕಡೆ ಒಂದೇ ಸಮ ದುಂಡಗಿಲ್ಲದಿದ್ದರೆ ಬರುವ ನಂಬರ್) ಜಾಸ್ತಿ. ನನಗೆ ಕಷ್ಟ, ಅವನಿಗೆ ಸುಲಭ ಅಂತ ಮನೆಯಲ್ಲಿ ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದೆವು.

ಬೆಳಿಗ್ಗೆ ಒಂಬತ್ತಕ್ಕೆ ಶುರುವಾದ ಪರೀಕ್ಷೆ ಮುಗಿದಿದ್ದು ನಾಲ್ಕು ಗಂಟೆಗೆ. ಪವರ್ ಮೂರು ಸಲ ನೋಡಿದರು. ಕಣ್ಣೀರಿನ ಪರೀಕ್ಷೆಗೆ ಕೆಳರೆಪ್ಪೆಯೊಳಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕೂರಿಸಿದರು. ಆಮೇಲೆ ಕಾರ್ನಿಯಾದ ಸ್ಕ್ಯಾನ್. ಗದ್ದ ಇಟ್ಟು ನೀಲಿ ಬೆಳಕು ನೋಡುತ್ತಾ ಕೂತರೆ ಎರಡೇ ಸೆಕೆಂಡ್. ಹೊರಗೆ ಬರುವ ಹಾಳೆಯಲ್ಲಿ ಭೂಪಟದ ಹಾಗೆ ಬಣ್ಣ ಬಣ್ಣ. ಹಸಿರು, ಹಳದಿ, ಕೆಂಪು. ಕೊನೆಗೆ ಪಾಪೆ ಅಗಲವಾಗುವ ಡ್ರಾಪ್ಸ್ ಹಾಕಿ ಕಣ್ಣಿನ ಹಿಂದಿನ ಪರದೆ ನೋಡಿದರು. ಆ ಡ್ರಾಪ್ಸ್ ಹಾಕಿದ ಮೇಲೆ ನಾಲ್ಕೈದು ಗಂಟೆ ಹತ್ತಿರದ್ದು ಏನೂ ಓದಲು ಆಗುವುದಿಲ್ಲ, ಬಿಸಿಲು ಚುಚ್ಚುತ್ತದೆ. ಗಾಡಿ ಓಡಿಸಿಕೊಂಡು ಹೋಗಬೇಡಿ. ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ನಮ್ಮಿಬ್ಬರಿಗೂ ಡ್ರಾಪ್ಸ್ ಹಾಕಿದ್ದರು. ಬಸ್ಸಿನ ಬೋರ್ಡ್ ಯಾವುದು ಅಂತ ನಿಲ್ದಾಣದಲ್ಲಿ ಯಾರ್ಯಾರನ್ನೋ ಕೇಳಿ ಹತ್ತಿದೆವು.

ಡಾಕ್ಟರ್ ಮೇಡಂ ನಮ್ಮಿಬ್ಬರ ಹಾಳೆಗಳನ್ನೂ ಮೇಜಿನ ಮೇಲೆ ಪಕ್ಕ ಪಕ್ಕ ಇಟ್ಟರು. ಲೆಕ್ಕ ಬರೆದೇ ತೋರಿಸಿದರು. ನನ್ನ ಕಾರ್ನಿಯಾದ ದಪ್ಪ 538 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಮೇಲೆ 110 ಮೈಕ್ರಾನಿನ ಒಂದು ಪದರವನ್ನು ಬಾಗಿಲಿನ ಹಾಗೆ ಒಂದು ಬದಿಗೆ ತೆರೆಯುತ್ತಾರೆ. ಒಳಗೆ ಸುಮಾರು 80 ಮೈಕ್ರಾನ್ ಲೇಸರಿನಿಂದ ತೆಗೆಯುತ್ತಾರೆ. ಕೆಳಗೆ ಉಳಿಯುವುದು 348. ಕನಿಷ್ಠ 250 ಉಳಿಯಲೇಬೇಕು, ನಾವು 300ಕ್ಕಿಂತ ಕೆಳಗೆ ಹೋಗುವುದಿಲ್ಲ ಅಂದರು. ದಿನವೂ ಲೆಕ್ಕ ಬರೆಯುವವಳು ನಾನು. ಕೂಡಿ ಕಳೆದು ತೋರಿಸಿದರೆ ನನಗೆ ಧೈರ್ಯ ಬರುತ್ತದೆ.

ಆಮೇಲೆ ತಮ್ಮನ ಹಾಳೆ ತಿರುಗಿಸಿದರು. ಅದರ ಕೆಳಭಾಗದಲ್ಲಿ ಒಂದು ಕಡೆಗೆ ಕೆಂಪು ಗುಡ್ಡೆ ಕಟ್ಟಿದ ಹಾಗಿತ್ತು. ಎಲ್ಲಕ್ಕಿಂತ ತೆಳ್ಳಗಿನ ಜಾಗದಲ್ಲಿ 470. "ನೀನು ಕಣ್ಣು ಉಜ್ಜುತ್ತೀಯಾ ಮರಿ?" ಅಂತ ಕೇಳಿದರು. ಅವನು ಉತ್ತರ ಕೊಡುವ ಮೊದಲೇ ನಾನು ಹೌದು ಅಂದೆ. ಸಣ್ಣವನಿದ್ದಾಗಿನಿಂದ ಅವನಿಗೆ ಅಲರ್ಜಿ. ಮಾವು ಹೂ ಬಿಡುವ ಹೊತ್ತಿಗೆ, ಅಡಿಕೆ ಸಿಪ್ಪೆಯ ಧೂಳಿಗೆ, ಎರಡೂ ಮುಷ್ಟಿಯಲ್ಲಿ ಕಣ್ಣು ತಿಕ್ಕುತ್ತಾ ಕೂರುತ್ತಾನೆ. ಒಂದು ವರ್ಷದಲ್ಲಿ ಅವನ ಸಿಲಿಂಡರ್ ಪವರ್ ಒಂದು ನಂಬರ್ ಏರಿತ್ತು. ನಾವು ಅದನ್ನು ಮೊಬೈಲಿನ ಮೇಲೆ ಹಾಕಿ ಸುಮ್ಮನಿದ್ದೆವು.

ಅದಕ್ಕೆ ಕೆರಟೋಕೋನಸ್ ಅಂತ ಹೆಸರು. ಕಾರ್ನಿಯಾ ತೆಳ್ಳಗಾಗುತ್ತಾ ಮುಂದಕ್ಕೆ ಚೂಪಾಗುತ್ತದೆ. ಇಂಥ ಕಣ್ಣಿಗೆ ಲೇಸರ್ ಮಾಡಿ ಇನ್ನಷ್ಟು ತೆಳ್ಳಗೆ ಮಾಡಿದರೆ ಅದು ಉಬ್ಬಿಕೊಂಡು ದೃಷ್ಟಿಯೇ ಕೆಡಬಹುದು. ಅವನಿಗೆ ಲೇಸರ್ ಬೇಡ, ಈಗಲೂ ಬೇಡ, ಮುಂದೆಯೂ ಬೇಡ ಅಂದರು. ಅಲರ್ಜಿಗೆ ಡ್ರಾಪ್ಸ್ ಕೊಟ್ಟರು. ಕಣ್ಣು ಉಜ್ಜುವುದನ್ನು ಇವತ್ತೇ ಬಿಡಬೇಕು. ಆರು ತಿಂಗಳಿಗೆ ಮತ್ತೆ ಸ್ಕ್ಯಾನ್. ಹೆಚ್ಚಾಗುತ್ತಿದ್ದರೆ ಸಿ3ಆರ್ ಅಂತ ಒಂದು ಚಿಕಿತ್ಸೆ ಇದೆ, ವಿಟಮಿನ್ ಬಿ2 ಡ್ರಾಪ್ಸ್ ಹಾಕಿ ಅಲ್ಟ್ರಾವಯಲೆಟ್ ಬೆಳಕು ಬಿಟ್ಟು ಕಾರ್ನಿಯಾವನ್ನು ಗಟ್ಟಿ ಮಾಡುತ್ತಾರೆ. ಅದು ಪವರ್ ತೆಗೆಯುವುದಕ್ಕಲ್ಲ, ರೋಗ ಮುಂದೆ ಹೋಗದ ಹಾಗೆ ತಡೆಯುವುದಕ್ಕೆ.

ತಮ್ಮನ ಮುಖ ಸಣ್ಣದಾಯಿತು. ನನಗೆ ಕೈಕಾಲು ತಣ್ಣಗಾಗಿತ್ತು. ಮೊದಲಿನ ಕಡೆ ಅಡ್ವಾನ್ಸ್ ಕಟ್ಟಿ ಇವನನ್ನೂ ಕರೆದುಕೊಂಡು ಹೋಗಿದ್ದರೆ? ಈ ಆಸ್ಪತ್ರೆಗೆ ನಾನು ಐದಕ್ಕೆ ಐದು ಸ್ಟಾರ್ ಕೊಡುವುದಾದರೆ ನನ್ನ ಕಣ್ಣು ಸರಿ ಮಾಡಿದ್ದಕ್ಕಲ್ಲ. ತಮ್ಮನಿಗೆ ಬೇಡ ಅಂದಿದ್ದಕ್ಕೆ.

ಲೇಸರನ್ನು ಹದಿನೆಂಟು ತುಂಬದವರಿಗೆ ಮಾಡುವುದಿಲ್ಲ. ಪವರ್ ಒಂದು ವರ್ಷದಿಂದ ಬದಲಾಗದೆ ನಿಂತಿರಬೇಕು, ಹಳೆಯ ಕನ್ನಡಕದ ಚೀಟಿ ತೆಗೆದುಕೊಂಡು ಹೋಗಿ. ಬಸುರಿಯರು, ಹಾಲುಣಿಸುವ ತಾಯಂದಿರು ಕಾಯಬೇಕು, ಆ ಸಮಯದಲ್ಲಿ ಪವರ್ ಏರುಪೇರಾಗುತ್ತದೆ. ಕಾರ್ನಿಯಾ ತೆಳ್ಳಗಿದೆ ಆದರೆ ರೋಗವಿಲ್ಲ ಅನ್ನುವವರಿಗೆ ಪದರ ತೆರೆಯದೆ ಮೇಲಿಂದಲೇ ಮಾಡುವ ಪಿಆರ್‌ಕೆ ಇದೆ. ಅದರಲ್ಲಿ ಮೊದಲ ಮೂರ್ನಾಲ್ಕು ದಿನ ನೋವು ಜಾಸ್ತಿ, ನೋಟ ತಿಳಿಯಾಗುವುದು ನಿಧಾನ. ಸಣ್ಣ ಸೀಳಿನಿಂದ ಮಾಡುವ ಸ್ಮೈಲ್, ಕಣ್ಣಿನೊಳಗೆ ಲೆನ್ಸ್ ಕೂರಿಸುವ ಐಸಿಎಲ್ ಕೂಡ ಇವೆ. ನನಗೆ ಮಾಡಿದ್ದು ಫೆಮ್ಟೊ ಲೇಸಿಕ್. ಬ್ಲೇಡ್ ಇಲ್ಲ, ಪದರ ಕತ್ತರಿಸುವುದಕ್ಕೂ ಲೇಸರ್.

ಅಮ್ಮನಿಗೆ ಇದ್ದ ಭಯ ಒಂದೇ. ಕಣ್ಣು ಸುಟ್ಟುಹೋದರೆ? ಮೇಡಂ ಹೇಳಿದ್ದು ಕೇಳಿ ನನಗೇ ಆಶ್ಚರ್ಯ ಆಯಿತು. ಆಕಾರ ತಿದ್ದುವ ಎಕ್ಸೈಮರ್ ಲೇಸರ್ ಬಿಸಿಯಿಂದ ಸುಡುವುದಿಲ್ಲ, ಅಣುಗಳ ಬೆಸುಗೆಯನ್ನು ಬಿಡಿಸಿ ಕೂದಲೆಳೆಗಿಂತ ಎಷ್ಟೋ ತೆಳ್ಳಗೆ ತೆಗೆಯುತ್ತದೆ, ಪಕ್ಕದ ಭಾಗಕ್ಕೆ ಶಾಖ ತಾಗುವುದಿಲ್ಲ. ಈ ಲೇಸರ್ ಹೀಗೆ ಸುಡದೆ ಕತ್ತರಿಸುತ್ತದೆ ಅಂತ ಕಂಡುಹಿಡಿದವರಲ್ಲಿ ಒಬ್ಬರು ಮದ್ರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್. ಅಮೆರಿಕದ ಐಬಿಎಂನಲ್ಲಿದ್ದಾಗ, 1981ರಲ್ಲಿ, ಹಬ್ಬದ ಊಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡನ್ನು ಲ್ಯಾಬಿಗೆ ತಂದು ಅದರ ಮೇಲೆ ಲೇಸರ್ ಬಿಟ್ಟು ನೋಡಿದರಂತೆ. ಸುಟ್ಟ ಗುರುತಿಲ್ಲದೆ ಕತ್ತರಿಸಿತು. ಅಮ್ಮನಿಗೆ ಇದನ್ನು ಹೇಳಿದ ಮೇಲೆ ಸ್ವಲ್ಪ ಸಮಾಧಾನ ಆಯಿತು.

ಆಪರೇಷನ್ನಿಗೆ ಇಂಜೆಕ್ಷನ್ ಇಲ್ಲ. ಮರಗಟ್ಟಿಸುವ ಡ್ರಾಪ್ಸ್ ಮಾತ್ರ. ಎಲ್ಲರೂ ಕೇಳುವುದು ಇದೇ: ನಡುವೆ ರೆಪ್ಪೆ ಬಡಿದುಬಿಟ್ಟರೆ? ಬಡಿಯಲು ಆಗುವುದಿಲ್ಲ. ರೆಪ್ಪೆ ಹಿಡಿದುಕೊಳ್ಳುವ ಸಣ್ಣ ತಂತಿಯ ಕ್ಲಿಪ್ ಹಾಕಿರುತ್ತಾರೆ. ಕಣ್ಣು ಸ್ವಲ್ಪ ಅಲುಗಿದರೆ ಲೇಸರ್ ಅದನ್ನೇ ಹಿಂಬಾಲಿಸುತ್ತದೆ, ಜಾಸ್ತಿ ಅಲುಗಿದರೆ ತಾನೇ ನಿಲ್ಲುತ್ತದೆ. ಕಷ್ಟ ಅನ್ನಿಸಿದ್ದು ಒಂದೇ ಘಟ್ಟ. ಪದರ ಕತ್ತರಿಸುವಾಗ ಕಣ್ಣಿನ ಮೇಲೆ ಬಳೆಯಂಥದ್ದು ಇಟ್ಟು ಒತ್ತುತ್ತಾರೆ, ಸ್ವಲ್ಪ ಹೊತ್ತು ಎಲ್ಲ ಮಸುಕಾಗಿ ಕತ್ತಲಾಗುತ್ತದೆ. ಹೀಗಾಗುತ್ತದೆ ಅಂತ ಮೊದಲೇ ಹೇಳಿದ್ದರಿಂದ ತಡೆದುಕೊಂಡೆ. ಆಮೇಲೆ ಮಿನುಗುವ ಒಂದು ದೀಪ ನೋಡುತ್ತಾ ಇರಬೇಕು. ಟಕ ಟಕ ಸದ್ದು, ಕೂದಲು ಸುಟ್ಟ ಹಾಗೆ ವಾಸನೆ. ಸುಡುವುದಿಲ್ಲ ಅಂದರೂ ವಾಸನೆ ಮಾತ್ರ ಹಾಗೇ ಇರುತ್ತದೆ, ಹೆದರಬೇಡಿ. ಪಕ್ಕದಲ್ಲಿದ್ದ ಸಿಸ್ಟರ್ ನನ್ನ ಕೈ ಹಿಡಿದುಕೊಂಡೇ ಇದ್ದರು. ಎರಡೂ ಕಣ್ಣು ಸೇರಿ 20 ನಿಮಿಷ.

ನೋವು ಬಂದಿದ್ದು ಆಮೇಲೆ. ಈರುಳ್ಳಿ ಹೆಚ್ಚಿ ಆ ಕೈಯಿಂದಲೇ ಕಣ್ಣು ಮುಟ್ಟಿದ ಹಾಗೆ, ಐದಾರು ಗಂಟೆ ಉರಿ, ನೀರು. ಆ ರಾತ್ರಿ ಶಿವಮೊಗ್ಗದಲ್ಲೇ ಚಿಕ್ಕಮ್ಮನ ಮನೆಯಲ್ಲಿ ಕತ್ತಲೆ ಕೋಣೆಯಲ್ಲಿ ಮಲಗಿದ್ದೆ. ಮರುದಿನ ಚೆಕಪ್ ಹೇಗೂ ಇರುತ್ತದೆ, ಊರಿಗೆ ಹೋಗಿ ಬರುವ ಸಾಹಸ ಮಾಡಬೇಡಿ.

ಇಲ್ಲಿ ನನ್ನ ಇನ್ನೊಂದು ದೂರು. ಡ್ರಾಪ್ಸ್ ಮೂರು ತರ. ಒಂದು ಇಷ್ಟು ದಿನ, ಇನ್ನೊಂದು ವಾರಕ್ಕೊಮ್ಮೆ ಕಮ್ಮಿ ಮಾಡುತ್ತಾ ಬರಬೇಕು, ಮತ್ತೊಂದು ತಿಂಗಳುಗಟ್ಟಲೆ. ಕೊಟ್ಟ ಚೀಟಿ ಪೂರ್ತಿ ಇಂಗ್ಲಿಷಿನಲ್ಲಿ. ನನಗೆ ಆಗ ಓದಲು ಆಗುವುದಿಲ್ಲ, ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಚಿಕ್ಕಮ್ಮನ ಮಗಳು ಕನ್ನಡದಲ್ಲಿ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿದಳು. ಮಲೆನಾಡಿನ ಹಳ್ಳಿಗಳಿಂದ ಇಷ್ಟು ಜನ ಬರುವ ಆಸ್ಪತ್ರೆ, ಒಂದು ಕನ್ನಡದ ಹಾಳೆ ಅಚ್ಚು ಹಾಕಿಸಬೇಕು. ಇದನ್ನು ಅವರ ಸಲಹೆ ಪುಸ್ತಕದಲ್ಲೂ ಬರೆದಿದ್ದೇನೆ.

ಒಂದು ವಾರ ಕಣ್ಣಿಗೆ ನೀರು ತಾಗಿಸಬಾರದು, ತಲೆಸ್ನಾನ ಇಲ್ಲ, ರಾತ್ರಿ ಕಣ್ಣಿಗೆ ಪ್ಲಾಸ್ಟಿಕ್ ಕವಚ. ಎರಡು ವಾರ ಕಾಡಿಗೆ ಇಲ್ಲ. ಹೊಳೆ ಈಜು ತಿಂಗಳ ಮೇಲೆ. ಸೌದೆ ಒಲೆಯ ಹೊಗೆ, ಬಚ್ಚಲ ಒಲೆಯ ಹೊಗೆ, ಎರಡರಿಂದಲೂ ದೂರ ಇಟ್ಟಿದ್ದರು ಅಮ್ಮ. ಉಜ್ಜುವುದಂತೂ ಬೇಡವೇ ಬೇಡ, ಪದರ ಸರಿಯಬಹುದು.

ಖರ್ಚು ಎರಡೂ ಕಣ್ಣಿಗೆ 68 ಸಾವಿರ, ಡ್ರಾಪ್ಸ್ ಬೇರೆ. ಇನ್ಶೂರೆನ್ಸ್ ಬರಲಿಲ್ಲ. 7.5ಕ್ಕಿಂತ ಕಮ್ಮಿ ಪವರಿಗೆ ಆರೋಗ್ಯ ವಿಮೆಯಲ್ಲಿ ಸಾಮಾನ್ಯವಾಗಿ ಕೊಡುವುದಿಲ್ಲ, ಆ ಆಸೆ ಇಟ್ಟುಕೊಂಡು ಹೋಗಬೇಡಿ.

ಮೊದಲ ಮೂರು ತಿಂಗಳು ಕಣ್ಣು ಒಣಗುತ್ತಿತ್ತು. ಕಂಪ್ಯೂಟರ್ ಮುಂದೆ ಕೂತರೆ ಮರಳು ಬಿದ್ದ ಹಾಗೆ. ಈಗಲೂ ವರ್ಷದ ಲೆಕ್ಕ ಮುಗಿಸುವ ಹೊತ್ತಿನಂಥ ಕೆಲಸ ಬಂದರೆ ಕಣ್ಣೀರಿನ ಡ್ರಾಪ್ಸ್ ಬ್ಯಾಗಿನಲ್ಲಿರುತ್ತದೆ. ರಾತ್ರಿ ಎದುರು ಬರುವ ಲಾರಿಯ ದೀಪದ ಸುತ್ತ ಬಳೆಯಂಥ ಬೆಳಕು ಕಾಣುತ್ತಿತ್ತು, ಮಳೆ ಬಂದರೆ ಇನ್ನೂ ಜಾಸ್ತಿ. ಮೂರು ತಿಂಗಳು ಕತ್ತಲಾದ ಮೇಲೆ ಸ್ಕೂಟಿ ಮುಟ್ಟಲಿಲ್ಲ. ಈಗ ತುಂಬಾ ಕಮ್ಮಿಯಾಗಿದೆ. ಎಡಗಣ್ಣಿನಲ್ಲಿ ಕಾಲು ಪವರ್ ಉಳಿದಿದೆ, ನನಗೆ ಅದು ಗೊತ್ತೇ ಆಗುವುದಿಲ್ಲ.

ಚಿಕ್ಕಮ್ಮನಿಗೆ 46. ನನ್ನ ಚಾಳೀಸನ್ನೂ ಹೀಗೇ ತೆಗೆಸಬಹುದಾ ಅಂತ ಕೇಳಿದರು. ಆಗುವುದಿಲ್ಲ. ಚಾಳೀಸು ಬರುವುದು ಕಣ್ಣಿನೊಳಗಿನ ಮಸೂರ ವಯಸ್ಸಿಗೆ ಗಟ್ಟಿಯಾಗುವುದರಿಂದ, ಲೇಸರ್ ತಿದ್ದುವುದು ಹೊರಗಿನ ಕಾರ್ನಿಯಾವನ್ನು. ನಲವತ್ತು ದಾಟಿದ ಮೇಲೆ ನನಗೂ ಓದಲು ಕನ್ನಡಕ ಬರುತ್ತದೆ. ಮೈನಸ್ ಪವರ್ ಜಾಸ್ತಿ ಇದ್ದವರ ಕಣ್ಣಿನ ಹಿಂದಿನ ಪರದೆಯ ಅಪಾಯವೂ ಲೇಸರಿನಿಂದ ಹೋಗುವುದಿಲ್ಲ. ವರ್ಷಕ್ಕೊಮ್ಮೆ ತೋರಿಸಬೇಕು, ಇದ್ದಕ್ಕಿದ್ದಂತೆ ಮಿಂಚು ಹೊಡೆದ ಹಾಗೆ ಆದರೆ, ಕಪ್ಪು ಚುಕ್ಕೆಗಳು ತೇಲಿದರೆ ಅವತ್ತೇ ಓಡಬೇಕು.

ಮರುದಿನ ಚೆಕಪ್ ಮುಗಿಸಿ ಊರಿಗೆ ಬಂದ ಸಂಜೆ ತೋಟಕ್ಕೆ ಇಳಿದಿದ್ದೆ. ಕಪ್ಪು ಕನ್ನಡಕ ಸ್ವಲ್ಪ ಎತ್ತಿ ಮೇಲೆ ನೋಡಿದೆ. ಅಡಿಕೆ ಮರದ ತುದಿಯಲ್ಲಿ ಹಾಳೆ ಬಿರಿದು ಹಿಂಗಾರ ಹೊರಗೆ ಬಂದಿತ್ತು. ಅದರ ಒಂದೊಂದು ಎಳೆಯೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ಕನ್ನಡಕದಲ್ಲೂ ನಾನು ಅದನ್ನು ಹಾಗೆ ನೋಡಿರಲಿಲ್ಲ. ಅಪ್ಪಯ್ಯ ಕರೆಯುವ ತನಕ ಅಲ್ಲೇ ನಿಂತಿದ್ದೆ.

ಆಗಸ್ಟಿನಲ್ಲಿ ತಮ್ಮನ ಎರಡನೇ ಸ್ಕ್ಯಾನ್ ಆಯಿತು. ಹೆಚ್ಚಾಗಿಲ್ಲ. ಕೈ ಕಣ್ಣಿಗೆ ಹೋದರೆ ಅಮ್ಮ ಅಡುಗೆಮನೆಯಿಂದಲೇ ಕೂಗುತ್ತಾರೆ, ಅವನೂ ಈಗ ಒದ್ದೆ ಬಟ್ಟೆ ಇಟ್ಟುಕೊಳ್ಳುವುದು ರೂಢಿ ಮಾಡಿಕೊಂಡಿದ್ದಾನೆ. ಮುಂದಿನ ಸ್ಕ್ಯಾನ್ ಫೆಬ್ರವರಿಯಲ್ಲಿ. ನನ್ನ ಆಪರೇಷನ್ನಿಗೆ ಮುಂಚಿನ ಹಾಳೆಗಳನ್ನು ಜೋಪಾನ ಮಾಡಿ, ವಯಸ್ಸಾದ ಮೇಲೆ ಪೊರೆ ಬಂದಾಗ ಒಳಗೆ ಹಾಕುವ ಲೆನ್ಸಿನ ಲೆಕ್ಕಕ್ಕೆ ಇವೇ ಬೇಕು ಅಂತ ಮೇಡಂ ಹೇಳಿದ್ದರು. ಅವನದ್ದೂ ನನ್ನದೂ ಒಂದೇ ಫೈಲಿನಲ್ಲಿ, ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಹಾಗೆ ಎರಡು ಪ್ಲಾಸ್ಟಿಕ್ ಕವರ್ ಸುತ್ತಿ, ಜಮೀನಿನ ಪತ್ರಗಳ ಜೊತೆ ಬೀರುವಿನಲ್ಲಿ ಇಟ್ಟಿದ್ದೇನೆ.